ಹಾಜರಿ ಹೇಳದ ವಿದ್ಯಾರ್ಥಿನಿ

ವಿದ್ಯಾಭ್ಯಾಸವನ್ನು ಮುಗಿಸಿ ಗುರುಕುಲದಿಂದ ಹೊರಡುವ ಶಿಷ್ಯನಿಗೆ ಆಚಾರ್ಯನು ಹೇಳತಕ್ಕ ಮಾತು ಯಾವುದೆಂಬುದನ್ನು ನಮ್ಮ ಪೂರ್ವಿಕರು ತೈತ್ತಿರೀಯದ ಶೀಕ್ಷಾವಲ್ಲಿಯಲ್ಲಿ ಒಂದೇ ಒಂದು ಅನುವಾಕದೊಳಗೆ ಹೇಳಿ ಮುಗಿಸಿದ್ದಾರೆ. ಅಮೆರಿಕಾದ ವಿಶ್ವವಿದ್ಯಾನಿಲಯಗಳು ಈ ಕೆಲಸಕ್ಕೆ ಈಚಿನ ವರ್ಷಗಳಲ್ಲಿ ಹಿಪ್‌ಹಾಪ್ ಗಾಯಕರನ್ನು ಕರೆಯತೊಡಗಿವೆ. ಘಟಿಕೋತ್ಸವದ ವೇದಿಕೆಯಲ್ಲಿ ಅವರಿಗೆ ಗೌರವಪದವಿಯನ್ನಿತ್ತು, ಅವರಿಂದ ಹೊಸ ಪದವೀಧರರಿಗೆ ಉಪದೇಶ ಮಾಡಿಸುವುದು ಅಲ್ಲಿ ಈಗ ಅಪೂರ್ವವಲ್ಲ. ಇದನ್ನು ಕೇಳಿದ ನಮ್ಮ ಹಿರಿಯರಲ್ಲಿ ಕೆಲವರು ಅಭಿರುಚಿಯ ಅಧೋಗತಿಯೆಂದು ಮುಖ ತಿರುಗಿಸುತ್ತಾರೆ. ಕಿರಿಯರಲ್ಲಿ ಕೆಲವರು ಇದೇ ತಮ್ಮ ಕಾಲದ ಉಪನಿಷತ್ತೆಂದು ಸಂಭ್ರಮಪಡುತ್ತಾರೆ. ಈ ಉಭಯಪಕ್ಷದವರಲ್ಲಿಯೂ ಯಾವುದಾದರೊಂದು ಕೃತಿಯನ್ನು ಆದಿಯಿಂದ ಅಂತ್ಯದವರೆಗೆ ಕೇಳಿ ಮಾತನಾಡಿದವರು ವಿರಳ. ಆದುದರಿಂದ ಪ್ರಕೃತ ಲೇಖನದಲ್ಲಿ ಒಂದು ಕೃತಿಯನ್ನು ಪ್ರಧಾನವಾಗಿ ಹಿಡಿದು ಪರೀಕ್ಷಿಸಲು ಯತ್ನಿಸಿದ್ದೇನೆ. ಅದು 1998ನೆಯ ಇಸವಿಯಲ್ಲಿ ಲಾರಿನ್ ಹಿಲ್ ಎಂಬ ಗಾಯಕಿ ಹೊರತಂದ ‘ದಿ ಮಿಸ್‌ಎಜುಕೇಷನ್ ಆಫ್ ಲಾರಿನ್ ಹಿಲ್’ ಎಂಬ ಗೀತಸಂಪುಟ. ಅದು ಶಾಲೆಯ ವಿಷಯವಾಗಿಯೇ ಹುಟ್ಟಿದ ಕೃತಿಯಾದುದರಿಂದ ಒಬ್ಬ ನಿವೃತ್ತ ಉಪಾಧ್ಯಾಯನು ಅದನ್ನು ಕುರಿತು ಬರೆಯುವುದು ತೀರ ಅನಧಿಕಾರಚೇಷ್ಟೆಯಾಗಲಾರದೆಂದು ನಂಬಿದ್ದೇನೆ.

ಕೃತಿಗೆ ಹೋಗುವ ಮುನ್ನ ಈ ಕಲೆಯ ಜನ್ಮವೃತ್ತಾಂತವನ್ನು ಸ್ವಲ್ಪ ತಿಳಿಯಬೇಕು. ನ್ಯೂಯಾರ್ಕ್ ನಗರದ ಉತ್ತರಭಾಗಕ್ಕೆ ಬ್ರಾಂಕ್ಸ್ ಎಂದು ಹೆಸರು. 1948ರಲ್ಲಿ ಆರಂಭವಾದ ಒಂದು ಮಹಾಮಾರ್ಗದ ನಿರ್ಮಾಣಕ್ಕಾಗಿ ಆ ಪ್ರದೇಶದ ನೆರೆಕೇರಿಗಳನ್ನು ಸೀಳಿಹಾಕಿದರು. ಸಹಸ್ರಾರು ಕುಟುಂಬಗಳು ಮನೆಯನ್ನು ಬಿಡಬೇಕಾಯಿತು. 1970ರ ದಶಕದಲ್ಲಿ ಬೀದಿಬೀದಿಗಳೇ ಬೆಂಕಿಯಲ್ಲಿ ಉರಿದುಹೋದುವು. ಅಲ್ಲಿ ಸೆಜ್‌ವಿಕ್ ಅವೆನ್ಯೂ ಎಂಬ ರಸ್ತೆಯ 1520ನೆಯ ನಂಬರಿನ ವಸತಿಗೃಹದಲ್ಲಿ 1973ನೆಯ ಆಗಸ್ಟ್ 11ರಂದು ಸಿಂಡಿ ಕ್ಯಾಂಬೆಲ್ ಎಂಬ ಬಾಲಿಕೆ ಒಂದು ಕೂಟವನ್ನು ಏರ್ಪಡಿಸಿದಳು. ಹುಡುಗಿಯರಿಗೆ 25 ಸೆಂಟು, ಹುಡುಗರಿಗೆ 50 ಸೆಂಟು ಪ್ರವೇಶಶುಲ್ಕ. ಉದ್ದೇಶವೇನೆಂದರೆ, ಬೇಸಗೆಯ ರಜ ಮುಗಿದು ಶಾಲೆ ತೆರೆಯುವ ಹೊತ್ತಿಗೆ ತಾನು ತೊಟ್ಟುಕೊಳ್ಳಲು ಹೊಸ ಉಡುಪು ಬೇಕು. ಅದಕ್ಕೆ ಹಣ ಕೂಡಬೇಕು. ಸಂಗೀತ ನಡೆಸಿದವನು ಆಕೆಯ ಅಣ್ಣ, ಹದಿನೆಂಟು ವರ್ಷದ ಕ್ಲೈವ್, ಜಮೈಕಾದ್ವೀಪದಿಂದ ಬಂದವನು, ಡಿಜೆ ಕೂಲ್ ಹರ್ಕ್ ಎಂದು ಪ್ರಸಿದ್ಧನಾದವನು. ಹಾಡಿನ ಮಧ್ಯದಲ್ಲಿ ಗಾನ ನಿಂತು ವಾದ್ಯದ ಲಯ ಮಾತ್ರ ಕೇಳಿಸುವ ಅಲ್ಪಾವಕಾಶವುಂಟಷ್ಟೆ. ಕುಣಿಯುವವರು ಅದಕ್ಕಾಗಿಯೇ ಕಾದಿರುತ್ತಾರೆಂಬುದನ್ನು ಅವನು ಗಮನಿಸಿದ್ದನು. ಒಂದೇ ಗ್ರಾಮಫೋನ್ ತಟ್ಟೆಯ ಎರಡು ಪ್ರತಿಗಳನ್ನು ಎರಡು ಯಂತ್ರಗಳ ಮೇಲಿಟ್ಟು, ಒಂದರಲ್ಲಿ ಆ ಭಾಗ ಮುಗಿಯುತ್ತಲೇ ಇನ್ನೊಂದರಲ್ಲಿ ಅದನ್ನೇ ಮೊದಲುಮಾಡಿ, ಕ್ಷಣಮಾತ್ರವಿದ್ದುದನ್ನು ಬೇಕಾದಷ್ಟು ಹೊತ್ತು ಬೆಳೆಸಿದನು. ಅನಂತರ ಬಂದ ಜೋಸೆಫ್ ಸ್ಯಾಡ್ಲರ್, ಎಂದರೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಷ್, ವಿದ್ಯುತ್ ಯಂತ್ರಗಳ ಶಿಕ್ಷಣ ಪಡೆದ ತರುಣ. ಅವನು ತಟ್ಟೆಯ ಮೇಲೆ ಬಣ್ಣದ ಕಡ್ಡಿಯಿಂದ ಗುರುತುಮಾಡಿ, ಎಷ್ಟು ಸುತ್ತು ಹಿಂದಕ್ಕೆ ತಿರುಗಿಸಿದರೆ ಎಲ್ಲಿಗೆ ಬರುತ್ತದೆಂಬುದನ್ನು ಲೆಕ್ಕಹಾಕಿ, ಅಣ್ಣನ ಕಾಲದ ಊಹೆಯನ್ನು ಶಾಸ್ತ್ರಕ್ಕೆ ತಂದನು. ಆ ಲಯದ ಮೇಲೆ ಮಾತು ಸೇರಿತು, ಮಾತಿಗೆ ಪ್ರಾಸ ಸೇರಿತು, ಅದೇ ರ‍್ಯಾಪ್.

ನಮ್ಮವರು ಇಲ್ಲಿ ಒಂದು ಅವಸರವನ್ನು ಮಾಡುತ್ತಾರೆ. "ಇದರಲ್ಲೇನು ಹೊಸದು? ಹರದೇಶಿ ನಾಗೇಶಿಯವರ ಸವಾಲುಜವಾಬು ನಮ್ಮಲ್ಲಿಲ್ಲವೆ? ಅವಧಾನಿಗಳ ಆಶುಕವಿತೆಯಿಲ್ಲವೆ?" ಎನ್ನುತ್ತಾರೆ. ಇವೆಯೆಂಬುದು ನಿಜ, ಆದರೆ ಹಾಗೆಂದು ಹೇಳಿದ ಮಾತ್ರಕ್ಕೆ ಪರರ ಕೃತಿಯನ್ನು ತಿಳಿದಂತಾಗುವುದಿಲ್ಲ. ಹೋಲಿಕೆಯಿಂದ ಪ್ರಯೋಜನವಿರುವುದು ಕಿವಿಯನ್ನು ಸಿದ್ಧಪಡಿಸಿಕೊಳ್ಳುವಷ್ಟಕ್ಕೆ. ಪಾದದ ದ್ವಿತೀಯಾಕ್ಷರದಲ್ಲಿ ಪ್ರಾಸವನ್ನಿಡುವ ನಮ್ಮ ಪದ್ಧತಿಯಲ್ಲಿ ಬೆಳೆದವನಿಗೆ ಅಂತ್ಯಪ್ರಾಸದ ಈ ಅಬ್ಬರ ಮೊದಮೊದಲು ಅಗ್ಗವಾಗಿ ಕೇಳುತ್ತದೆ. ಹರಿಹರನ ರಗಳೆಗಳನ್ನು ಗಟ್ಟಿಯಾಗಿ ಓದಿ ಅಭ್ಯಾಸವಿದ್ದವನಿಗೆ ಮಾತ್ರ, ಸಾಲಿನ ಮೇಲೆ ಸಾಲು ಉಸಿರು ಬಿಡದೆ ಏರಿಬರುವ ಈ ಓಟದ ಸುಖ ಬೇಗನೆ ತಿಳಿಯುತ್ತದೆ. ಹಿಲ್ ಅವರ ಸಂಪುಟದ ಮೊದಲನೆಯ ಹಾಡು ‘ಲಾಸ್ಟ್ ಒನ್ಸ್’. ಅದರ ಆರಂಭದಲ್ಲಿ ‘ಏಷನ್’ ಎಂಬ ಒಂದೇ ಅಂತ್ಯ ಸಾಲುಸಾಲಾಗಿ ಬಂದು ಬಡಿಯುತ್ತದೆ. ಸಂಪುಟದ ಹೆಸರಿನಲ್ಲಿರುವ ‘ಎಜುಕೇಷನ್’ ಎಂಬ ಶಬ್ದದ ಬಾಲವೂ ಅದೇ ಎಂಬುದು ಎರಡನೆಯ ಸಲ ಕೇಳುವಾಗ ಹೊಳೆಯುತ್ತದೆ. ಇದು ಆಕೆ ಬುದ್ಧಿಪೂರ್ವಕವಾಗಿ ಮಾಡಿದುದೋ ಅಲ್ಲವೋ ನಾನು ಹೇಳಲಾರೆ. ಕಾವ್ಯದಲ್ಲಿ ಅದನ್ನು ವಿಚಾರಿಸಬೇಕಾದ ಅಗತ್ಯವೂ ಇಲ್ಲ.

ಇನ್ನು ಘಟಿಕೋತ್ಸವದ ವಿಷಯ. ಕಾವ್ಯದಿಂದ ಬರುವ ಉಪದೇಶವನ್ನು ವೇದದ ಉಪದೇಶದಿಂದಲೂ ಪುರಾಣದ ಉಪದೇಶದಿಂದಲೂ ಬೇರ್ಪಡಿಸಿ, ಮೊದಲನೆಯದು ಪ್ರಭುವಿನ ಆಜ್ಞೆಯಂತೆ, ಎರಡನೆಯದು ಮಿತ್ರನ ಹಿತವಚನದಂತೆ, ಕಾವ್ಯದ್ದು ಮಾತ್ರ ಕಾಂತೆಯ ಮಾತಿನಂತೆ ಎಂದು ಮಮ್ಮಟನು ವಿಭಾಗಿಸಿದ್ದಾನೆ. ಹಿಪ್‌ಹಾಪನ್ನು ಪದವೀಧರರ ಸ್ಫೂರ್ತಿಗಾಗಿ ಉಪಯೋಗಿಸುವವರು ಸಾಮಾನ್ಯವಾಗಿ ಅದರಿಂದ ಪ್ರಭುಸಮ್ಮಿತವಾದುದನ್ನೇ ಹೆಕ್ಕುತ್ತಾರೆ: ಇವನು ಬಡತನದಲ್ಲಿ ಹುಟ್ಟಿದನು, ಯಾರ ಮಾತನ್ನೂ ಕೇಳಲಿಲ್ಲ, ಕೋಟ್ಯಧೀಶನಾದನು, ನೀನೂ ಹಾಗೆ ಮಾಡು. ಇದು ವ್ಯಕ್ತಿಯ ಐಶ್ವರ್ಯದ ವರದಿ. ಹಾಡಿಗೂ ಇದಕ್ಕೂ ಸಂಬಂಧ ಕಡಿಮೆ. ಐಶ್ವರ್ಯವನ್ನೇ ಅರ್ಹತೆಯೆಂದೆಣಿಸಿದ ಸಂಸ್ಥೆಗಳು ಪಟ್ಟ ಪಾಡನ್ನೂ ನೋಡಿದ್ದೇವೆ. ಹೋವರ್ಡ್ ವಿಶ್ವವಿದ್ಯಾನಿಲಯವು 2014ರಲ್ಲಿ ಶಾನ್ ಕೋಂಬ್ಸ್ ಎಂಬವರಿಂದ ಘಟಿಕೋತ್ಸವಭಾಷಣವನ್ನು ಮಾಡಿಸಿ ಗೌರವಪದವಿಯನ್ನಿತ್ತು, ಅವರು ಒಬ್ಬ ಸ್ತ್ರೀಯನ್ನು ಹೊಡೆದ ಚಿತ್ರ ಲೋಕಕ್ಕೆಲ್ಲ ಕಾಣಿಸಿದ ಮೇಲೆ 2024ರಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಪದವಿಯನ್ನು ಕಿತ್ತುಕೊಂಡ ದಿನ, ಹತ್ತು ವರ್ಷದ ಹಿಂದೆ ಆ ಭಾಷಣವನ್ನು ಕೇಳಿ ಚಪ್ಪಾಳೆ ತಟ್ಟಿ ಹೊರಟುಹೋದ ವಿದ್ಯಾರ್ಥಿಗಳಿಗೆ ಏನು ಹೇಳಬೇಕೆಂಬುದು ಯಾರಿಗೂ ಹೊಳೆದಂತಿಲ್ಲ.

ಕಾನ್ಯೆ ವೆಸ್ಟ್ ಅವರ ಸಂಗತಿ ಇದಕ್ಕಿಂತ ಜಟಿಲ, ಏಕೆಂದರೆ ಅಲ್ಲಿ ಕೃತಿಯೂ ಇದೆ. 2004ರಲ್ಲಿ ‘ದಿ ಕಾಲೇಜ್ ಡ್ರಾಪ್‌ಔಟ್’, 2005ರಲ್ಲಿ ‘ಲೇಟ್ ರೆಜಿಸ್ಟ್ರೇಷನ್’, 2007ರಲ್ಲಿ ‘ಗ್ರ್ಯಾಜುಯೇಷನ್’ ಎಂದು ಅವರು ಮೂರು ಸಂಪುಟಗಳನ್ನು ಹೊರಡಿಸಿದರು: ಕಾಲೇಜನ್ನು ಬಿಟ್ಟವನು, ತಡವಾಗಿ ಹೆಸರು ಹಚ್ಚಿಸಿದವನು, ಪದವೀಧರ. ಅವರು ವ್ಯಾಸಂಗವನ್ನು ಅರ್ಧಕ್ಕೆ ನಿಲ್ಲಿಸಿದ ಚಿಕಾಗೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಅವರ ತಾಯಿ ಡೋಂಡಾ ವೆಸ್ಟ್ ಇಂಗ್ಲಿಷ್ ವಿಭಾಗದ ಮುಖ್ಯಸ್ಥೆಯಾಗಿದ್ದರು. ಮೊದಲನೆಯ ಸಂಪುಟದಲ್ಲಿ ಹಾಡುಗಳ ನಡುವೆ ಚಿಕ್ಕ ಪ್ರಹಸನಗಳುಂಟು. ಒಂದರಲ್ಲಿ ತಂದೆ ಬಿಟ್ಟುಹೋದ ಪದವಿಪತ್ರಗಳಲ್ಲದೆ ಬೇರೆ ಆಸ್ತಿಯಿಲ್ಲದ ಮಗನೊಬ್ಬನು ಮಾತನಾಡುತ್ತಾನೆ. ನಗು ಬರುತ್ತದೆ, ನಗುತ್ತ ನಗುತ್ತ ನಮ್ಮ ಮನೆಯ ಗೋಡೆಯ ಮೇಲಿನ ಕಟ್ಟುಹಾಕಿದ ಪತ್ರದ ಕಡೆಗೆ ಕಣ್ಣು ಹೋಗುತ್ತದೆ. ಹಾಸ್ಯಕ್ಕೆ ಇದಕ್ಕಿಂತ ಹೆಚ್ಚಿನ ಸಾಫಲ್ಯ ಬೇಕಿಲ್ಲ. ಎರಡನೆಯ ಸಂಪುಟದಲ್ಲಿ ತಾಯಿಯನ್ನು ಕುರಿತ ‘ಹೇ ಮಾಮಾ’ ಎಂಬ ಹಾಡಿದೆ: ಆಕೆ ಡಾಕ್ಟರ್ ಪದವಿಯವರೆಗೆ ಓದೆಂದಳೆಂದೂ, ತಾನು ಅದಕ್ಕೆ ವಿರುದ್ಧವಾಗಿ ನಡೆದಾಗಲೂ ಕೈಬಿಡಲಿಲ್ಲವೆಂದೂ ಮಗನು ನೆನೆಯುತ್ತಾನೆ. ಮೂರು ಸಂಪುಟಗಳಲ್ಲಿ ನನ್ನ ಮನಸ್ಸನ್ನು ನಿಜವಾಗಿ ಕರಗಿಸಿದುದು ಇದೊಂದೇ. ಮೂರನೆಯದರ ಹೆಸರು ಪದವಿಪ್ರಾಪ್ತಿಯೆಂದಿದ್ದರೂ ಅಲ್ಲಿ ಗುರುವೂ ಇಲ್ಲ, ಪಾಠವೂ ಇಲ್ಲ, ಇರುವುದು ಜಯಘೋಷ. ಘಟಿಕೋತ್ಸವದ ಭಾಷಣಕಾರರಿಗೆ ಇದೇ ಅತ್ಯಂತ ಪ್ರಿಯವಾದುದರಲ್ಲಿ ಆಶ್ಚರ್ಯವಿಲ್ಲ. ತಾಯಿ ಬಯಸಿದ ಡಾಕ್ಟರ್ ಪದವಿಯನ್ನು ಚಿಕಾಗೋದ ಒಂದು ಕಲಾಶಾಲೆ 2015ರಲ್ಲಿ ಗೌರವಾರ್ಥವಾಗಿ ಕೊಟ್ಟಿತು. ಯೆಹೂದ್ಯರನ್ನು ಕುರಿತು ಅವರು ಆಡಿದ ದ್ವೇಷದ ಮಾತುಗಳಿಂದಾಗಿ 2022ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ತಾಯಿ 2007ರಲ್ಲಿಯೇ ತೀರಿಕೊಂಡಿದ್ದರು.

ಈಗ ಹಿಲ್ ಅವರ ಕೃತಿ. ಆಕೆ 1975ರಲ್ಲಿ ನ್ಯೂ ಜೆರ್ಸಿ ಪ್ರಾಂತದಲ್ಲಿ ಜನಿಸಿದರು. ಫ್ಯೂಜೀಸ್ ಎಂಬ ಮೂವರ ಮೇಳದಲ್ಲಿ ಹಾಡಿ ಹೆಸರಾದರು. ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಸೇರಿ, ಸಂಗೀತಕ್ಕಾಗಿ ಬೇಗನೆ ಅದನ್ನು ಬಿಟ್ಟರು. ಸಂಪುಟ ಹೊರಟಾಗ ಆಕೆಯ ವಯಸ್ಸು ಇಪ್ಪತ್ತಮೂರು. 1999ರಲ್ಲಿ ಅದಕ್ಕೆ ಐದು ಗ್ರ್ಯಾಮಿ ಪ್ರಶಸ್ತಿಗಳು ಬಂದುವು; ಆ ವರ್ಷದ ಶ್ರೇಷ್ಠ ಸಂಪುಟವೆಂಬ ಪ್ರಶಸ್ತಿ ಹಿಪ್‌ಹಾಪ್ ಕೃತಿಯೊಂದಕ್ಕೆ ದೊರೆತುದು ಅದೇ ಮೊದಲು.

ಸಂಪುಟದ ಆರಂಭದಲ್ಲಿ ಹಾಡಿಲ್ಲ. ಶಾಲೆಯ ಗಂಟೆ ಬಾರಿಸುತ್ತದೆ. ಉಪಾಧ್ಯಾಯರು ಒಳಗೆ ಬಂದು ಹಾಜರಿ ಕೂಗುತ್ತಾರೆ. ಒಂದೊಂದು ಹೆಸರಿಗೂ ಮಕ್ಕಳು ಉತ್ತರ ಕೊಡುತ್ತಾರೆ. ಲಾರಿನ್ ಹಿಲ್ ಎಂಬ ಹೆಸರು ಬರುತ್ತದೆ, ಉತ್ತರವಿಲ್ಲ. ಮತ್ತೆ ಕೂಗುತ್ತಾರೆ; ಉತ್ತರವಿಲ್ಲ. ಅಲ್ಲಿಂದ ಹಾಡು ಆರಂಭವಾಗುತ್ತದೆ. ಮೂವತ್ತು ವರ್ಷಕ್ಕೂ ಮಿಕ್ಕು ಹಾಜರಿ ಕೂಗಿದವನಿಗೆ ಆ ಮೌನದ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಬಾರದ ಹುಡುಗನ ಹೆಸರಿನ ಮುಂದೆ ಒಂದು ಗೀಟನ್ನೆಳೆದು ಮುಂದಿನ ಹೆಸರಿಗೆ ಹೋಗುವುದು ನಮ್ಮ ವೃತ್ತಿಯ ಕ್ರಮ. ಅವನು ಆ ಹೊತ್ತಿನಲ್ಲಿ ಎಲ್ಲಿದ್ದಾನೆ, ಏನನ್ನು ಕಲಿಯುತ್ತಿದ್ದಾನೆ ಎಂಬುದಕ್ಕೆ ಹಾಜರಿ ಪುಸ್ತಕದಲ್ಲಿ ಕಲಮು ಇಲ್ಲ. ಈ ಸಂಪುಟ ಆ ಇಲ್ಲದ ಕಲಮನ್ನು ತುಂಬುತ್ತದೆ. ಹಾಡುಗಳು ಮುಗಿದೆಡೆಯಲ್ಲಿ ಮತ್ತೆ ಮತ್ತೆ ತರಗತಿ ಕೇಳಿಬರುತ್ತದೆ. ಉಪಾಧ್ಯಾಯರು ಹಲಗೆಯ ಮೇಲೆ ‘ಪ್ರೀತಿ’ ಎಂಬರ್ಥದ ಇಂಗ್ಲಿಷ್ ಶಬ್ದದ ನಾಲ್ಕು ಅಕ್ಷರಗಳನ್ನು ಬರೆದು ಇದೇನೆಂದು ಮಕ್ಕಳನ್ನು ಕೇಳುತ್ತಾರೆ. ಒಬ್ಬರನ್ನು ಪ್ರೀತಿಸುವುದಕ್ಕೂ ಅನುರಾಗದಲ್ಲಿ ಬೀಳುವುದಕ್ಕೂ ಭೇದವೇನೆಂದು ಕೇಳುತ್ತಾರೆ. ಮಕ್ಕಳು ನಗುತ್ತಾರೆ, ಒಬ್ಬರ ಮಾತಿನ ಮೇಲೊಬ್ಬರು ಬೀಳುತ್ತಾರೆ, ನಡುವೆ ಯಾರೋ ಒಬ್ಬರು ದೊಡ್ಡವರಿಗೂ ಹೊಳೆಯದ ಮಾತನ್ನಾಡುತ್ತಾರೆ. ಬರೆದುಕೊಂಡು ಒಪ್ಪಿಸಿದ ಸಂಭಾಷಣೆಯ ನಾತ ಇದರಲ್ಲಿಲ್ಲ. ಉಪಾಧ್ಯಾಯರ ಧ್ವನಿ ರಾಸ್ ಬರಾಕಾ ಎಂಬವರದು. ಇವರು ಅಮಿರಿ ಬರಾಕಾ ಎಂಬ ಕವಿಯ ಮಗ. ನೂಅರ್ಕ್ ನಗರದ ಶಾಲೆಗಳಲ್ಲಿ ನಿಜವಾಗಿಯೂ ಪಾಠ ಹೇಳಿ ಮುಖ್ಯೋಪಾಧ್ಯಾಯರಾಗಿ, 2014ರಲ್ಲಿ ಅದೇ ನಗರದ ಮೇಯರಾದವರು. ಪಾತ್ರಧಾರಿಯಲ್ಲದ ಉಪಾಧ್ಯಾಯನ ಧ್ವನಿಯನ್ನು ಕಿವಿ ಕೂಡಲೇ ಗುರುತಿಸುತ್ತದೆ. ಮಕ್ಕಳ ತಪ್ಪುತ್ತರಕ್ಕೆ ಅವರು ಅವಸರಪಡುವುದಿಲ್ಲ.

ಕೃತಿಯ ಜೀವ ಈ ಸಂಯೋಜನೆಯಲ್ಲಿದೆ. ಒಳಗೆ ಪ್ರೀತಿಯೆಂದರೇನೆಂದು ಪಾಠ ನಡೆಯುತ್ತಿದೆ. ಹೊರಗಿರುವವಳು ಅದನ್ನು ಪೆಟ್ಟು ತಿಂದು ಕಲಿಯುತ್ತಿದ್ದಾಳೆ. ‘ಎಕ್ಸ್-ಫ್ಯಾಕ್ಟರ್’ ಎಂಬ ಹಾಡಿನಲ್ಲಿ ಬಿಡಲೂ ಆಗದ ಇರಲೂ ಆಗದ ಸಂಬಂಧದ ಯಾತನೆ. ‘ಟು ಜಾಯನ್’ ಎಂಬುದರಲ್ಲಿ, ವೃತ್ತಿಗೆ ವಿಘ್ನವಾದೀತೆಂದು ಲೋಕ ಎಚ್ಚರಿಸಿದರೂ ಹೊಟ್ಟೆಯ ಮಗುವನ್ನು ಬಯಸಿ ಹೆತ್ತ ತಾಯಿಯ ಧನ್ಯತೆ. ‘ಎವ್ರಿ ಘೆಟ್ಟೋ, ಎವ್ರಿ ಸಿಟಿ’ ಎಂಬುದರಲ್ಲಿ ಬಾಲ್ಯದ ಬೀದಿಗಳ ಸ್ಮರಣೆ. ತರಗತಿಯ ಪ್ರಶ್ನೆಗೆ ಹಾಡು ನೇರವಾಗಿ ಉತ್ತರ ಕೊಡುವುದಿಲ್ಲ; ಪ್ರಶ್ನೆಯ ಪಕ್ಕದಲ್ಲಿ ನಿಲ್ಲುತ್ತದೆ, ಅಷ್ಟೆ. ಎರಡರ ನಡುವೆ ಹುಟ್ಟುವ ಅರ್ಥ ವಾಚ್ಯವಲ್ಲ, ವ್ಯಂಗ್ಯ. ಆನಂದವರ್ಧನನ ಶಿಷ್ಯರಿಗೆ ಇದನ್ನು ಬಿಡಿಸಿ ಹೇಳುವ ಅವಶ್ಯಕತೆಯಿಲ್ಲ. ಹೊರಗಿರುವವಳು ಶಾಲೆಯನ್ನು ಹಳಿಯುವುದೂ ಇಲ್ಲ. ವೆಸ್ಟ್ ಅವರ ಪ್ರಹಸನದಲ್ಲಿ ಶಾಲೆ ನಗೆಪಾಟಲಾಗುತ್ತದೆ. ಇಲ್ಲಿ ತರಗತಿ ಸಹೃದಯವಾದುದೇ, ಉಪಾಧ್ಯಾಯರು ಒಳ್ಳೆಯವರೇ. ಆದರೂ ಆ ಹುಡುಗಿ ಅಲ್ಲಿಲ್ಲ. ಇದರಿಂದ ಆಪಾದನೆ ಹಗುರವಾಗುವುದಿಲ್ಲ, ಭಾರವಾಗುತ್ತದೆ.

ಸಂಪುಟದ ಹೆಸರನ್ನು ಕನ್ನಡಕ್ಕೆ ತರುವುದು ಹೇಗೆಂದು ಬಹಳ ಯೋಚಿಸಿದೆ. ಅದರ ಹಿಂದೆ ಕಾರ್ಟರ್ ವುಡ್‌ಸನ್ ಎಂಬ ಇತಿಹಾಸಕಾರರು 1933ರಲ್ಲಿ ಪ್ರಕಟಿಸಿದ ‘ದಿ ಮಿಸ್‌ಎಜುಕೇಷನ್ ಆಫ್ ದಿ ನೀಗ್ರೋ’ ಎಂಬ ಗ್ರಂಥವಿದೆ. ದಾಸ್ಯದಲ್ಲಿ ಹುಟ್ಟಿದ ತಂದೆತಾಯಿಗಳ ಮಗನಾದ ಅವರು 1912ರಲ್ಲಿ ಹಾರ್ವರ್ಡಿನಿಂದ ಡಾಕ್ಟರ್ ಪದವಿ ಪಡೆದವರು. ಶಾಲೆಗಳು ತಮ್ಮ ಜನದ ಮಕ್ಕಳಿಗೆ ಅನ್ಯರ ಹಿರಿಮೆಯನ್ನು ಕಲಿಸಿ, ಅವರದೇ ಆದ ಪೂರ್ವವೃತ್ತಾಂತವನ್ನು ಮರೆಮಾಡಿ, ಓದಿದವನು ತನ್ನವರನ್ನೇ ಕೀಳಾಗಿ ಕಾಣುವಂತೆ ಮಾಡುತ್ತವೆಂಬುದು ಅವರ ವಾದ. ‘ಅವಿದ್ಯೆ’ಯೆಂದರೆ ವೇದಾಂತದ ಭಾರ ಬಂದು ಕೂರುತ್ತದೆ, ಮೇಲಾಗಿ ಇಲ್ಲಿ ಹೇಳಿರುವುದು ವಿದ್ಯೆಯ ಅಭಾವವನ್ನಲ್ಲ, ವಿದ್ಯೆ ದಾರಿತಪ್ಪಿ ಬಂದುದನ್ನು. ‘ಕುಶಿಕ್ಷಣ’ವೆಂದರೆ ಸರ್ಕಾರಿ ವರದಿಯ ಮಾತಿನಂತಾಗುತ್ತದೆ. ‘ಶಿಕ್ಷೆ’ ಎಂಬ ಶಬ್ದವೊಂದೇ ಸಾಕೆಂದು ಕೊನೆಗೆ ತೋರಿತು. ಸಂಸ್ಕೃತದಲ್ಲಿ ಅದು ಕಲಿಕೆ, ವೇದಾಂಗಗಳಲ್ಲಿ ಒಂದು. ಕನ್ನಡದ ಬಳಕೆಯಲ್ಲಿ ಅದು ದಂಡನೆ. ಒಂದೇ ಮಾತು ಪಾಠಶಾಲೆಯಿಂದ ಬೀದಿಗೆ ಬರುವಷ್ಟರಲ್ಲಿ ಹೀಗೇಕಾಯಿತೆಂಬುದನ್ನು ಭಾಷಾಶಾಸ್ತ್ರಜ್ಞರು ಹೇಳಲಿ. ಉಪಾಧ್ಯಾಯರಾದ ನಮಗಂತೂ ಅದು ಕೇಳಲು ಇಂಪಾದ ಸಂಗತಿಯಲ್ಲ.

ಆರಂಭದಲ್ಲಿ ಹೇಳಿದ ಅನುವಾಕದ ಒಂದು ಮಾತು ನನಗೆ ಅರ್ಥವಾದುದು ಈ ಸಂಪುಟವನ್ನು ಕೇಳುವಾಗ. ಸತ್ಯವನ್ನು ಬಿಡಬೇಡ, ಸ್ವಾಧ್ಯಾಯವನ್ನು ಬಿಡಬೇಡ ಎಂದೆಲ್ಲ ವಿಧಿಸಿದ ಆಚಾರ್ಯನು ನಡುವೆ ಒಂದೆಡೆ ತನ್ನನ್ನೇ ಕುರಿತು, ನಮ್ಮಲ್ಲಿ ಯಾವ ನಡತೆ ಒಳ್ಳೆಯದೋ ಅದನ್ನು ಮಾತ್ರ ಅನುಸರಿಸು, ಉಳಿದುದನ್ನಲ್ಲ, ಎಂದುಬಿಡುತ್ತಾನೆ. ಘಟಿಕೋತ್ಸವಗಳಲ್ಲಿ ಈ ಭಾಗವನ್ನು ರಾಗವಾಗಿ ಹೇಳಿ ಮುಗಿಸುತ್ತೇವೆ, ನಿಂತು ಕೇಳುವುದಿಲ್ಲ. ಗುರುವು ಕಲಿಸಿದುದರಲ್ಲಿ ಬಿಡತಕ್ಕದ್ದೂ ಉಂಟೆಂದು ಗುರುವೇ ಹೇಳುತ್ತಿದ್ದಾನೆ. ಅಂಥ ಮಾತನ್ನು ತನ್ನ ಗುರುವಿನ ಬಾಯಿಂದ ಕೇಳಿ ಹೊರಟ ಶಿಷ್ಯನು ಭಾಗ್ಯವಂತ. ಆ ಅಮೆರಿಕನ್ ಬಾಲಿಕೆಗೆ ಅದನ್ನು ಯಾರೂ ಹೇಳಲಿಲ್ಲ. ಬಿಡತಕ್ಕದ್ದನ್ನೂ ಹಿಡಿಯತಕ್ಕದ್ದನ್ನೂ ಆಕೆ ಒಬ್ಬಳೇ ವಿಂಗಡಿಸಿಕೊಳ್ಳಬೇಕಾಯಿತು. ಸಂಪುಟದ ಕೊನೆಯಲ್ಲಿ ಬರುವ ಶೀರ್ಷಿಕೆಯ ಹಾಡಿನಲ್ಲಿ ಆಕೆ ತನ್ನ ನೆಲೆಯನ್ನು ತನ್ನೊಳಗೇ ಕಾಣುತ್ತಾಳೆ. ಭಾಷಣಕಾರರು ಎತ್ತಿಕೊಳ್ಳುವುದು ಇದನ್ನೇ: ನಿನ್ನ ಅಂತರಂಗವನ್ನು ನಂಬು, ಎಂದು. ಆದರೆ ಹನ್ನೆರಡು ಹಾಡುಗಳ ಸೋಲು, ಕೋಪ, ಕ್ಷಮೆಗಳ ಅನಂತರ ಬಂದ ಮಾತು ಅದು. ಮುಂಚಿನದನ್ನು ಕತ್ತರಿಸಿ ಕೊನೆಯದನ್ನು ಮಾತ್ರ ಕೊಟ್ಟರೆ ಹುಡುಗರಿಗೆ ದೊರೆಯುವುದು ಅಹಂಕಾರಕ್ಕೆ ಒಂದು ಅನುಮತಿಪತ್ರ.

ದೋಷಗಳಿಲ್ಲವೆ? ಇವೆ. ಹಿಪ್‌ಹಾಪ್ ಪ್ರಪಂಚದಲ್ಲಿ ಬಹುಭಾಗ ಗೀತೆಗಳು ಅಶ್ಲೀಲದೋಷದಿಂದ ದುಷ್ಟವಾದವು; ಸ್ತ್ರೀಯರನ್ನು ಅವುಗಳಲ್ಲಿ ಕರೆಯುವ ರೀತಿಯನ್ನು ಈ ಪತ್ರಿಕೆಯಲ್ಲಿ ಅಚ್ಚುಮಾಡಲಾಗದು. ಈ ಸಂಪುಟ ಅದಕ್ಕೆ ಬಹುಮಟ್ಟಿಗೆ ಹೊರತು. ಅಷ್ಟೇ ಅಲ್ಲ, ‘ಡೂ ವಾಪ್’ ಎಂಬ ಹಾಡು ಮೊದಲು ಹೆಣ್ಣುಮಕ್ಕಳನ್ನೂ ಅನಂತರ ಗಂಡಸರನ್ನೂ ಸಮವಾಗಿ ತರಾಟೆಗೆ ತೆಗೆದುಕೊಳ್ಳುತ್ತದೆ. ಬುದ್ಧಿ ಹೇಳುವ ಧಾಟಿ ಅಲ್ಲಿ ಕೊಂಚ ಮಿತಿಮೀರಿದೆಯೆಂದು ನನ್ನ ಅಭಿಪ್ರಾಯ; ಕುಣಿಯುವ ಲಯ ಅದನ್ನು ಕಾಪಾಡಿದೆ. ‘ಸೂಪರ್‌ಸ್ಟಾರ್’ ಎಂಬ ಹಾಡಿನಲ್ಲಿ ಇತರ ಗಾಯಕರನ್ನು ಆಕ್ಷೇಪಿಸುವುದು ನೀರಸವಾಗಿದೆ. ಕರ್ತೃತ್ವದ ವಿಷಯದಲ್ಲಿಯೂ ಒಂದು ಕಲೆಯುಂಟು: ಸಂಪುಟದಲ್ಲಿ ಕೆಲಸಮಾಡಿದ ಕೆಲವು ವಾದ್ಯಗಾರರು, ತಮ್ಮ ಪಾಲಿನ ರಚನೆಗೆ ತಕ್ಕ ಹೆಸರು ಕೊಡಲಿಲ್ಲವೆಂದು ನ್ಯಾಯಾಲಯಕ್ಕೆ ಹೋದರು, 2001ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಶಿಷ್ಯರಿಗೆ ಇದನ್ನು ಮುಚ್ಚಿಡಬೇಕಾಗಿಲ್ಲ. ಆಕೆ ಅನಂತರ ಇಂಥ ಇನ್ನೊಂದು ಸಂಪುಟವನ್ನು ಮುಗಿಸಿ ಕೊಡಲಿಲ್ಲವೆಂಬುದು ರಸಿಕರ ದೂರು. ಒಂದೇ ಕಾವ್ಯವನ್ನು ಬರೆದು ಸುಮ್ಮನಾದ ಕವಿಗಳನ್ನು ನಮ್ಮ ಪರಂಪರೆ ಆಕ್ಷೇಪಿಸುವುದಿಲ್ಲವಾದುದರಿಂದ ನಾನೂ ಆಕ್ಷೇಪಿಸಲಾರೆ.

ಶಾಲೆಯಲ್ಲಿ ಇದನ್ನು ಪಾಠಮಾಡಬಹುದೆ ಎಂದು ಕೇಳುವವರಿಗೆ ಒಂದು ನಿದರ್ಶನವಿದೆ. ನ್ಯೂ ಜೆರ್ಸಿಯ ನಾರ್ತ್ ಬರ್ಗೆನ್ ಎಂಬ ಊರಿನ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಉಪಾಧ್ಯಾಯರೊಬ್ಬರು ಟೋನಿ ಮಾರಿಸನ್ ಅವರ ‘ದಿ ಬ್ಲೂಯೆಸ್ಟ್ ಐ’ ಎಂಬ ಕಾದಂಬರಿಯನ್ನು ಕೆಂಡ್ರಿಕ್ ಲಮಾರ್ ಎಂಬ ಗಾಯಕನ ಸಂಪುಟವೊಂದರ ಜತೆಯಲ್ಲಿಟ್ಟು ಪಾಠ ಹೇಳಿದರು. ಸುದ್ದಿ ತಿಳಿದ ಗಾಯಕ 2015ರ ಜೂನ್ ತಿಂಗಳಲ್ಲಿ ಸ್ವತಃ ಆ ಶಾಲೆಗೆ ಬಂದನು; ಹುಡುಗರು ಬರೆದ ಪದ್ಯಗಳನ್ನು ಕುಳಿತು ಕೇಳಿದನು. ಈ ಲಮಾರ್‌ಗೆ 2018ರಲ್ಲಿ ಸಂಗೀತಕ್ಕಾಗಿ ಪುಲಿಟ್ಜರ್ ಪ್ರಶಸ್ತಿ ಬಂದಿತು. ಬಾಲ್ಯದಲ್ಲಿ ಅವನಿಗೆ ಮಾತು ತೊದಲುತ್ತಿತ್ತು. ಪದ್ಯ ಬರೆಯುವ ರುಚಿಯನ್ನು ಹತ್ತಿಸಿದವರು ಏಳನೆಯ ತರಗತಿಯ ಇಂಗ್ಲಿಷ್ ಉಪಾಧ್ಯಾಯರೆಂದು ಅವನೇ ಹೇಳಿಕೊಂಡಿದ್ದಾನೆ. ಹಿಲ್ ಅವರ ಸಂಪುಟದಲ್ಲಿ ಎಳೆಯರಿಗಾಗಿಯೇ ಹಾಡಿದ ‘ಎವ್ರಿಥಿಂಗ್ ಈಸ್ ಎವ್ರಿಥಿಂಗ್’ ಎಂಬ ಗೀತೆಗೆ ಪಿಯಾನೋ ನುಡಿಸಿದವನು ಆಗ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಒಬ್ಬ ತರುಣ. ಜಾನ್ ಲೆಜೆಂಡ್ ಎಂದು ಅವನು ಮುಂದೆ ಹೆಸರಾದನು. 2014ರಲ್ಲಿ ಅದೇ ವಿಶ್ವವಿದ್ಯಾನಿಲಯ ಅವನನ್ನು ಘಟಿಕೋತ್ಸವಭಾಷಣಕ್ಕೆ ಕರೆಯಿತು. ಆ ಹಾಡನ್ನು ಕೇಳುವವರು ಹಿಂದಿನ ಪಿಯಾನೋವಿನ ಕಡೆಗೂ ಸ್ವಲ್ಪ ಕಿವಿಗೊಡಬೇಕೆಂದು ಕೋರುತ್ತೇನೆ.